ಕೊಂಕೊಂಬಾ ಜನರ ಚೀಟಿ

ಟ್ರುಗನಿನಾ, ಮೆಲ್ಬರ್ನ್
ಶನಿವಾರ, ೧೧ ಅಕ್ಟೋಬರ್ ೨೦೨೫

ಪ್ರೀತಿಯ ಅಳಿಯ ವೀರೇಂದ್ರನಿಗೆ,

ನಿನ್ನ ಸೋದರಮಾವ ಗುರುಶಾಂತಪ್ಪ ಬರೆಯುವುದು. ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಸಿಡ್ನಿಯ ಆ ಮಾರ್ಸ್ಡನ್ ಪಾರ್ಕಿನಿಂದ ಆಫೀಸಿಗೆ ಕಾರಿನಲ್ಲಿ ಕುಳಿತು ಕುಳಿತು ಬಂದ ನೋವು ಅದು. ಮಾರ್ಟ್‌ಗೇಜ್ ಕಟ್ಟುವವನು ಬೆನ್ನನ್ನೂ ನೋಡಿಕೊಳ್ಳಬೇಕು, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು. ನಾನಂತೂ ಗಟ್ಟಿಯಾಗಿದ್ದೇನೆ. ನಿನ್ನ ಅಕ್ಕನ ಮನೆಗೆ ಬಂದು ನಾಲ್ಕು ತಿಂಗಳಾಗಿಲ್ಲ, ಈ ಸಬರ್ಬಿನಲ್ಲಿ ನನ್ನನ್ನು ಅರಿಯದವರಿಲ್ಲ. ನಾಯಿ ಹಿಡಿದು ತಿರುಗುವವರೆಲ್ಲ ಕೈ ಎತ್ತುತ್ತಾರೆ. ಮಲಸಮುದ್ರದ ಶಾಲೆಯಲ್ಲಿ ಏಳನೆಯ ತರಗತಿಗೇ ಓದು ನಿಲ್ಲಿಸಿದವನಿಗೆ ಇಷ್ಟು ಮರ್ಯಾದೆ ಬೇರೆಲ್ಲಿ ಸಿಕ್ಕೀತು ಹೇಳು.

ಫೋನು ಬಿಟ್ಟು ಪತ್ರ ಏಕೆ ಎಂದು ಕೇಳಬೇಡ. ಈ ಮನೆಯ ಗೋಡೆಗಳು ರಟ್ಟಿನಂಥವು. ನಾನು ಗ್ಯಾರೇಜಿನಲ್ಲಿ ಕೆಮ್ಮಿದರೂ ನಿನ್ನ ತಾಯಿ ಅಡುಗೆಮನೆಯಿಂದ ಕಷಾಯದ ಹೆಸರು ಹೇಳುತ್ತಾಳೆ. ಅದಲ್ಲದೆ ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಅರ್ಧ ಸಂಗತಿ ನಿನಗೆ ಗೊತ್ತಿದೆ, ಆದರೂ ಮೊದಲಿನಿಂದ ಹೇಳುತ್ತೇನೆ. ಶುಕ್ರವಾರ ಸಂಜೆ ನಿನ್ನ ಅಕ್ಕ ಸಂಧ್ಯಾರಾಣಿಯ ಈ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದಲ್ಲ, ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ಮಿಷನ್ ಸಭೆಗಳಿಂದ ಬಂದ ಐದು ಮನೆಯವರು ಕೂಡುವುದು. ಮೂರು ವರ್ಷದ ಹಿಂದೆ ಮನೆಗೊಂದರಂತೆ ಚೀಟಿ ಎತ್ತಿ, ದೂರದ ಒಂದೊಂದು ಜನಾಂಗವನ್ನು ಪ್ರಾರ್ಥನೆಗೆ ಹಂಚಿಕೊಂಡರು. ನಿನ್ನ ತಾಯಿಗೆ ಬಂದದ್ದು ಕೊಂಕೊಂಬಾ ಜನ, ಪಶ್ಚಿಮ ಆಫ್ರಿಕದ ಘಾನಾ ದೇಶದ ಉತ್ತರಕ್ಕೆ ದೊಡ್ಡ ದೊಡ್ಡ ಗೆಣಸು ಬೆಳೆಯುವವರು. ನನ್ನ ಅಕ್ಕ, ಅಂದರೆ ನಿನ್ನ ತಾಯಿ, ಅವರನ್ನು ಬೀಗರಿಗಿಂತ ಹೆಚ್ಚು ಹಚ್ಚಿಕೊಂಡಳು. ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ವಾರವಾರ ಅವರಿಗೆ ಮಳೆ ಬೇಡಿದಳು. ಗದಗಿನ ಕಡೆಯವರು ಯಾರಿಗೆ ಒಳ್ಳೆಯದು ಬಯಸಿದರೂ ಮೊದಲು ಬೇಡುವುದು ಮಳೆಯನ್ನೇ. ನಿನಗೆ ಫೋನಿನಲ್ಲಿ ಹೇಳಿದವಳೂ ಅವಳೇ: "ಸಿಡ್ನಿಯೊಳಗ ಆ ಮಂದಿ ಯಾರರೆ ಸಿಕ್ಕರ ನನ್ನ ನಮಸ್ಕಾರ ಹೇಳಪಾ."

ನೀನು ಮಾತು ಮೀರದ ಮಗ. ಬ್ಲ್ಯಾಕ್‌ಟೌನಿನ ಚರ್ಚಿನಲ್ಲಿ ಪೇಷನ್ಸ್ ಎಂಬ ಕೊಂಕೊಂಬಾ ನರ್ಸಮ್ಮನನ್ನು ಹುಡುಕಿ ನಮಸ್ಕಾರ ಹೇಳಿದೆ. ಮರುವಾರವೂ ಹೇಳಿದೆ. ಎರಡು ವರ್ಷ ಬಿಡದೆ ಹೇಳಿ, ಕಳೆದ ಮೇ ತಿಂಗಳಲ್ಲಿ ಫೋನು ಮಾಡಿ ಡಿಸೆಂಬರಿಗೆ ಮದುವೆ ಎಂದೆ.

ಅಂದಿನಿಂದ ಅಕ್ಕ ನಿನ್ನೊಡನೆ ಮಾತು ಬಿಟ್ಟದ್ದು ಗೊತ್ತು. ಪ್ರಾರ್ಥನೆಯನ್ನೂ ಬಿಟ್ಟದ್ದು ನಿನಗೆ ಗೊತ್ತಿಲ್ಲ. ಫ್ರಿಜ್ಜಿನ ಚೀಟಿ ಚಮಚದ ಡ್ರಾಯರು ಸೇರಿತು. ಶುಕ್ರವಾರ ಬಂತೆಂದರೆ "ನನ್ನ ಗಂಟಲಾ ಸರಿ ಇಲ್ಲ" ಎನ್ನುವಳು. ನಾನು ಒಮ್ಮೆ ಕೆಣಕಿದೆ: "ಅಕ್ಕಾ, ಅವನ್ನ ಕಳಿಸಿದಾಕಿ ನೀನ ಅಲ್ಲೇನು?" ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ನಮಸ್ಕಾರ ಹೇಳಂತ ಹೇಳಿದ್ದೆ, ತಾಳಿ ಕಟ್ಟಂತ ಹೇಳಿದ್ದಿಲ್ಲ. ಬೆಟಗೇರಿ ಸಭಿಯವರ ಮುಂದ ಏನಂತ ಹೇಳ್ಲಿ?" ಸಂಧ್ಯಾರಾಣಿ ನನ್ನ ತೋಳು ಚಿವುಟಿ, "ಮಾಮಾ, ಪ್ಲೀಸ್, ನೀವು ಮಾತಾಡಿದ್ರೆ ಇನ್ನೂ ವರ್ಸ್ ಆಗತ್ತೆ" ಅಂದಳು. ನಿನ್ನ ಅಕ್ಕನಿಗೆ ನನ್ನ ಬುದ್ಧಿಯ ಬೆಲೆ ಇನ್ನೂ ತಿಳಿದಿಲ್ಲ.

ಹೋದ ವಾರ ಅಕ್ಕನೇ ಕೂಟದಲ್ಲಿ ಎದ್ದು, ಮೂರು ವರ್ಷವಾಯಿತು, ಜನಾಂಗಗಳನ್ನು ಬದಲಿಸೋಣ, ಹೊಸದಾಗಿ ಚೀಟಿ ಎತ್ತೋಣ ಎಂದಳು. ಎಲ್ಲರಿಗೂ ಕಾರಣ ಗೊತ್ತು, ಯಾರೂ ಎದುರಾಡಲಿಲ್ಲ. ಡಬ್ಬಿಯ ಉಸ್ತುವಾರಿ ಯಾರಿಗೆ? ಹಿರಿಯ, ನಂಬಿಗಸ್ತ, ಕೈ ಶುದ್ಧವಿದ್ದ ನನಗೆ. ನಿನ್ನೆ ಸಂಜೆ ನಾನು ನಾಲ್ಕೇ ಚೀಟಿ ಡಬ್ಬಿಗೆ ಹಾಕಿ, ಐದನೆಯದನ್ನು ಅಂಗಿಯ ತೋಳಿನಲ್ಲಿ ಇಟ್ಟುಕೊಂಡೆ. ಮನೆಯವರು ಕೊನೆಗೆ ಎತ್ತಬೇಕು, ಅತಿಥಿಗಳು ಮೊದಲು ಎಂದು ದೊಡ್ಡ ಮನುಷ್ಯನಂತೆ ನಿಯಮ ಹೇಳಿದೆ. ನಾಲ್ಕು ಮನೆಯವರು ಎತ್ತಿದರು. ಡಬ್ಬಿ ಅಕ್ಕನ ಮುಂದೆ ಹೋಗುವಷ್ಟರಲ್ಲಿ ತೋಳಿನೊಳಗಿದ್ದದ್ದು ಡಬ್ಬಿಯೊಳಗಿತ್ತು. ಈ ಕೈಚಳಕ ನನ್ನ ಬಿಟ್ಟು ಜಿಲ್ಲೆಯಲ್ಲಿ ಇನ್ನೊಬ್ಬರಿಗಿಲ್ಲ.

ಅಕ್ಕ ಚೀಟಿ ಬಿಚ್ಚಿದಳು. ಕೊಂಕೊಂಬಾ. ನನ್ನ ಮುಖ ನೋಡಿದಳು. ನಾನು ಆಗಲೇ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದೆ. ಚೀಟಿ ಬಂದವರು ಆಗಲೇ ಗಟ್ಟಿಯಾಗಿ ಪ್ರಾರ್ಥಿಸಬೇಕೆಂಬುದು ಕೂಟದ ವಾಡಿಕೆ. ಇವಳು ಎದ್ದು ಒಳಗೆ ಹೋದರೆ ಡಿಸೆಂಬರಿನಲ್ಲಿ ನಿನ್ನ ಮದುವೆಯ ಮೊದಲ ಸಾಲಿನ ಕುರ್ಚಿ ಖಾಲಿಯೇ ಎಂದು ನನಗೆ ಆಗ ಹೊಳೆಯಿತು. ನನ್ನ ಜಾಣತನದ ಬಗ್ಗೆ ನನಗೇ ಅನುಮಾನ ಬಂದ ಗಳಿಗೆ ಅದೊಂದೇ. ಒಂದು ಕಣ್ಣು ತೆರೆದು ನೋಡಿದೆ. ಚೀಟಿಯನ್ನು ಮಡಿಚಿ ಮಡಿಚಿ ಕಡಲೆಕಾಳಿನಷ್ಟು ಮಾಡಿದ್ದಳು.

ಆಮೇಲೆ ಅಭ್ಯಾಸಬಲದಿಂದ ಶುರು ಮಾಡಿದಳು: "ತಂದೀ, ಕೊಂಕೊಂಬಾ ಮಂದಿಗೆ ಮಳಿ ಕೊಡು." ಅಷ್ಟಕ್ಕೇ ನಿಂತಳು. ಪೇಷನ್ಸಳ ಊರಲ್ಲಿ ಈ ಸಲ ಮಳೆ ಹೆಚ್ಚಾಗಿ ಅವಳ ಅಪ್ಪನ ಹೊಲದ ಗೆಣಸು ಕೊಳೆಯಿತೆಂದು ನೀನು ಹೇಳಿದ್ದನ್ನು ನಾನು ಅಕ್ಕನ ಕಿವಿಗೆ ಹಾಕಿದ್ದೆ. "ಮಳಿ ಸಾಕಾಗಿದ್ದರ ನಿಲ್ಲಸು, ನನಗೇನ ತಿಳೀತದ" ಅಂದಳು. ದನಿ ಬದಲಾಯಿತು. "ಅಲ್ಲಿ ಪೇಷನ್ಸಳ ಅವ್ವ ಇದ್ದಾಳ. ಮಗಳು ಯಾವ ಮಂದಿ ಮನಿಗೆ ಹೊಂಟಾಳೋ, ಅತ್ತಿ ಎಂಥಾಕಿ ಇದ್ದಾಳೋ ಅಂತ ಆಕಿಗೂ ನಿದ್ದಿ ಹತ್ತಿರಲಿಕ್ಕಿಲ್ಲ. ನಾವು ಭಾಳ ಕೆಟ್ಟ ಮಂದಿ ಅಲ್ಲಂತ ಆಕಿಗೆ ಹ್ಯಾಂಗರೆ ತಿಳಿಸು, ತಂದೀ." ಆಮೆನ್ ಅನ್ನುವುದನ್ನೇ ಮರೆತಳು. ನಾವೇ ಅಂದೆವು. ಐದು ತಿಂಗಳಿನಿಂದ ಆ ಹುಡುಗಿಯ ಹೆಸರು ಈ ಮನೆಯಲ್ಲಿ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸಂಧ್ಯಾರಾಣಿ ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ಮೂಗು ಒರೆಸಿಕೊಂಡಳು. ನನಗೂ ಕಣ್ಣಲ್ಲಿ ಏನೋ ಬಿದ್ದಿತ್ತು, ಇಲ್ಲಿಯ ಗಾಳಿಗೆ ಧೂಳು ಜಾಸ್ತಿ.

ಎಲ್ಲರೂ ಹೋದ ಮೇಲೆ ಅಕ್ಕ ನನ್ನ ಪಕ್ಕಕ್ಕೆ ಬಂದು ನಿಂತಳು. "ಉಳಿದ ಚೀಟಿ ತಣ್ಣಗಿದ್ದವು, ನಂದು ಒಂದ ಬೆಚ್ಚಗ ಯಾಕ ಇತ್ತೋ ಗುರುಶಾಂತಾ?" ದೇವರ ಕಾರ್ಯ ಇರಬೇಕು ಎಂದೆ. "ಹೌದು, ದೇವರಿಗೂ ಬಗಲಾಗ ಬೆವರು ಬರ್ತದ" ಅಂದು ಹೋದಳು. ಬೈಯಲಿಲ್ಲ, ಗಮನಿಸು.

ಪೇಷನ್ಸಳಿಗೆ ನನ್ನ ಆಶೀರ್ವಾದ ತಿಳಿಸು. ಮಾವಂದಿರಲ್ಲಿ ನಾನು ಎಂಥವನೆಂದು ಸ್ವಲ್ಪ ವಿವರವಾಗಿಯೇ ತಿಳಿಸು. ಕರ್ತನು ನಿನ್ನ ಬೆನ್ನನ್ನೂ ಬಾಳನ್ನೂ ನೆಟ್ಟಗೆ ಇಡಲಿ.

ಇತಿ ನಿನ್ನ ಮಾವ,
ಗುರುಶಾಂತಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ಅಕ್ಕ ಹಿಂದೆ ಬಂದು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪೇಷನ್ಸಳ ತಾಯಿಯ ಫೋನ್ ನಂಬರು ಕೂಡಲೇ ಕಳಿಸಬೇಕಂತೆ, ಅಲ್ಲಿ ಯಾವ ಹೊತ್ತಿಗೆ ಆಕೆ ಕೆಲಸ ಮುಗಿಸಿ ಕೂರುತ್ತಾಳೆ ಎಂಬುದನ್ನೂ ಕೇಳಿ ತಿಳಿಸಬೇಕಂತೆ. ಯಾವ ಭಾಷೆಯಲ್ಲಿ ಮಾತಾಡುತ್ತೀ ಎಂದೆ. "ಅದು ನಮ್ಮಿಬ್ಬರ ಚಿಂತಿ, ನೀ ನಂಬರ್ ಕೇಳಿ ಬರಿ" ಅಂದಳು. ನೀನು ಮಾತ್ರ ಹಿಗ್ಗಬೇಡ. ನಿನ್ನೊಡನೆ ಇನ್ನೂ ಮಾತು ಬಿಟ್ಟೇ ಇದ್ದಾಳಂತೆ, ಅದನ್ನೂ ಬರೆಯಲು ಹೇಳಿದ್ದಾಳೆ.