ಐದನೇ ಪದ

ಮೇದಿನಿ,

ಪರ್ಚಿ, ಅದೇ ಡಾಕ್ಟರನ್ನ ನೋಡೋ ಚೀಟಿ, ಮಾಡಿಸೋ ಸಾಲಿಗೆ ನಿಲ್ಲೋಕೆ ಆರಕ್ಕೇ ಆಸ್ಪತ್ರೆಗೆ ಹೊರಟೆ. ಒಂಬತ್ತಕ್ಕೆ ಅಮ್ಮನ್ನ ಕರ್ಕೊಂಡು ಬಾ. ಫರೀದಾಬಾದಿಂದ ಮೆಟ್ರೋ ಬೇಡ, ಟ್ಯಾಕ್ಸಿ ಮಾಡು; ಮೆಟ್ಟಿಲು ಹತ್ತೋಕಾಗಲ್ಲ ಅವಳಿಗೆ. ಮಂಜು ಇದೆ, ಶಾಲು ಹೊದಿಸು.

ನೆನಪಿನ ಪರೀಕ್ಷೆಗೆ ಈ ಸಲ ಅವಳ ಪಕ್ಕ ನೀನು ಕೂತ್ಕೋ. ಡಾಕ್ಟರ್ ಹಿಂದೀಲಿ ಕೇಳಿದ್ದನ್ನ ಕನ್ನಡದಲ್ಲಿ ಕೇಳು, ಅಷ್ಟೇ. ಉತ್ತರ ಹೇಳಿಕೊಡಬೇಡ. ಹೋದ ಸಲ ನಾನು ಹೇಳಿಕೊಟ್ಟಿದ್ದಕ್ಕೇ ಪರೀಕ್ಷೆ ಅರ್ಧಕ್ಕೆ ನಿಲ್ಲಿಸಿ ಇವತ್ತಿನ ತಾರೀಖು ಕೊಟ್ಟಿದ್ದು. ಯಾವ ತಿಂಗಳು ಅಂದ್ರೆ ಅವಳು ಮಾರ್ಗಶಿರ ಅಂತಾಳೆ. ಅದೂ ಸರಿಯೇ ಅಂತ ಡಾಕ್ಟರಿಗೆ ತಿಳಿಸಿ ಹೇಳು.

ಇನ್ನೊಂದು ವಿಷಯ. ಇಲಾಖೆ ಪರೀಕ್ಷೆಗೆ ಗುಮಾಸ್ತರನ್ನ ತಯಾರು ಮಾಡಿದ ಚಟ ನನಗೆ ಇನ್ನೂ ಬಿಟ್ಟಿಲ್ಲ. ಹದಿನೈದು ದಿನದಿಂದ ಕಾಫಿ ಹೊತ್ತಿಗೆ ಅಮ್ಮನಿಗೆ ಐದು ಪದ ಹೇಳಿ, ಸ್ನಾನ ಆದಮೇಲೆ ಒಪ್ಪಿಸು ಅಂತಿದ್ದೆ. ಡಾಕ್ಟರ್ ಬೇಡ ಅಂದಿದ್ರು, ನಾನು ಕೇಳಲಿಲ್ಲ. ನಿನ್ನೆ ಬಟಾಣಿ ಸುಲೀತಾ ನಾಲ್ಕು ಪದ ಹೇಳಿದಳು. ಆಮೇಲೆ "ಐದನೇದು ನೀವು ಹೇಳಿ" ಅಂದಳು.

ನನಗೆ ಬರಲಿಲ್ಲ. ಬೆಳಿಗ್ಗೆ ನಾನೇ ಕೊಟ್ಟ ಪದ.

ಅವಳೇ "ಏಣಿ" ಅಂದಳು. "ನಾಲ್ಕು ದಿನದಿಂದ ನಿಮ್ಮನ್ನ ನೋಡ್ತಾ ಇದೀನಿ" ಅಂತ ಹೇಳಿ ಮತ್ತೆ ಬಟಾಣಿ ಸುಲಿಯೋಕೆ ಶುರು ಮಾಡಿದಳು.

ಇವತ್ತು ಎರಡು ಪರ್ಚಿ ಮಾಡಿಸ್ತೀನಿ. ನನ್ನ ಸರದಿ ಬಂದಾಗ ಅಮ್ಮನ್ನ ಒಳಗೆ ಬಿಡಬೇಡ. ಅವಳು ಹೇಳಿಕೊಡ್ತಾಳೆ.

ಅಪ್ಪ