ನಮ್ಮ ಮನೆಯ ಫಾರ್ಮ್

ಜೂನ್ 3, ಸೋಮವಾರ

ಸರ್ವೆಗೆ ಇವತ್ತು ಹನ್ನೊಂದು ಮನೆ ಆಯ್ತು. ಕಾಲು ಸೋತುಹೋಗಿವೆ. ಆರು ವರ್ಷದೊಳಗಿನ ಪ್ರತಿ ಮಗುವಿಗೂ ಒಂದು ಫಾರ್ಮ್, ಇಪ್ಪತ್ತು ಪ್ರಶ್ನೆ. ಕರೆದರೆ ತಿರುಗುತ್ತಾ, ಬೆರಳು ತೋರಿಸಿ ಕೇಳುತ್ತಾ... ಹಳ್ಳಿಗಳಲ್ಲಿ ಎಷ್ಟು ಮಕ್ಕಳಿಗೆ ಆಟಿಸಂ ಇದೆ ಅಂತ ಸರ್ಕಾರಕ್ಕೆ ಲೆಕ್ಕ ಬೇಕಂತೆ.

ಬಡಗಿ ಮನೆ ಮಗು ಅಷ್ಟೂ ಹೊತ್ತು ಚಪ್ಪಲಿ ಸಾಲಾಗಿ ಜೋಡಿಸ್ತಾ ಕೂತಿತ್ತು. ತಲೆ ಎತ್ತಲಿಲ್ಲ. "ಮಾತು ತಡ ಅಷ್ಟೇ ಅಕ್ಕ, ಅವರಪ್ಪನೂ ಹಾಗೇ" ಅಂದ್ಲು ಅದರಮ್ಮ. ಪಕ್ಕ ಕೂತು ಪುಸಲಾಯಿಸಿ, ಇದ್ದದ್ದು ಇದ್ದ ಹಾಗೆ ಬರೆಸಿಕೊಂಡೆ. "ಮುಚ್ಚಿಟ್ಟರೆ ಮಗೂಗೇ ನಷ್ಟ ಕಣೇ" ಅಂತ ಬುದ್ಧಿ ಬೇರೆ ಹೇಳಿದೆ. ಎಂಥಾ ಬಾಯಿ ನಂದು!

ಜೂನ್ 5

ಇಲ್ಲಿ ಮಾತ್ರ ಬರೀತೀನಿ. ಟ್ರೈನಿಂಗ್ ದಿನ ಸೂಪರ್‌ವೈಸರ್ ಮೇಡಂ, ಕೈ ಪಳಗಲಿ ಅಂತ, ಅವರವರ ಮನೆ ಫಾರ್ಮ್ ಮೊದಲು ತುಂಬಿಸಿದ್ರು. ಮಗಳು ಪುಟ್ಟಿ ಎದುರಿಗೂ ಇರಲಿಲ್ಲ. ಇಪ್ಪತ್ತಕ್ಕೂ "ಹೌದು", ಅಂದ್ರೆ ಮಗು ಸರಿಯಾಗಿದೆ ಅಂತ, ಎಳೆದು ಎಲ್ಲರಿಗಿಂತ ಮೊದಲು ಕೊಟ್ಟೆ. ಅಕ್ಷರ ಚೆನ್ನಾಗಿದೆ ಅಂದ್ರು. ಅದೇ ಲೆಕ್ಕಕ್ಕೂ ಹೋಯ್ತು.

ಇವತ್ತು ಪುಟ್ಟಿಯನ್ನ ಹಿಂದಿನಿಂದ ಕರೆದೆ. ಆರು ಸಲ. ಬಟ್ಟೆ ಕ್ಲಿಪ್ಪು ಜೋಡಿಸ್ತಾನೇ ಇದ್ಲು. ತಟ್ಟೆ ಬಿದ್ದರೆ ಮಾತ್ರ ಕಿವಿ ಮುಚ್ಕೊಂಡು ಕಿರುಚ್ತಾಳೆ. ನಾಲ್ಕು ವರ್ಷ ತುಂಬ್ತು. ಇನ್ನೂ "ಅಮ್ಮ" ಅಂದಿಲ್ಲ. ಆ ಇಪ್ಪತ್ತು ಪ್ರಶ್ನೆ ಮತ್ತೆ ತೆಗೆದು ಓದಿದೆ.

ಜೂನ್ 6

ಅತ್ತೆಗೆ ಹೇಳಿದೆ. "ಊರ ಕಾಯಿಲೆಯೆಲ್ಲ ಹೊತ್ಕೊಂಡು ಬಂದು ಮನೇಲಿ ಹುಡುಕ್ತೀಯಾ? ಹೆಣ್ಣುಮಗು, ಗಂಭೀರ. ಇರಲಿ ಬಿಡು."

ಜೂನ್ 14, ಶುಕ್ರವಾರ

ನೂರಾ ಎಂಬತ್ತು ಮಕ್ಕಳು, ಅನುಮಾನ ಅಂತ ಲಿಸ್ಟಿಗೆ ಹೋದದ್ದು ಮೂರೇ ಹೆಸರು. ನಾಳೆ ಐದಕ್ಕೆ ಲಿಸ್ಟ್ ಕ್ಲೋಸ್. ಲಿಸ್ಟಲ್ಲಿದ್ದವರನ್ನಷ್ಟೇ ಡಾಕ್ಟರ್ ನೋಡೋದು. ಮತ್ತೆ ಬರೋದು ಎರಡು ವರ್ಷಕ್ಕಂತೆ. ಫಾರ್ಮ್ ತಿದ್ದಬೇಕಂದ್ರೆ ಮನೆ ಯಜಮಾನರ ಸಹಿ ಬೇಕು.

ಇವರ ಮುಂದೆ ಹಿಡಿದೆ. ಪೇಪರ್ ಮುಟ್ಟಲೂ ಇಲ್ಲ. "ತಂಗಿ ಮದುವೆ ಮಾತು ನಡೀತಿದೆ. ಈಗಲೇ ಡಂಗುರ ಸಾರಬೇಕಾ ನಿಂಗೆ?"

ಹಳ್ಳಿ ಮಕ್ಕಳಲ್ಲಿ ಇದು ಕಮ್ಮಿ ಅಂತಾರೆ. ಕಮ್ಮಿ ಆಗದೆ ಏನು? ಎಣಿಸೋಳು ನಾನಲ್ವಾ.

ಜೂನ್ 15, ಮಧ್ಯಾಹ್ನ 3

ಬಡಗಿ ಹೆಂಡತಿ ಬಾಗಿಲಿಗೆ ಬಂದ್ಲು. ಮಗು ಹೆಸರು ಲಿಸ್ಟಿಗೆ ಹೋಯ್ತಲ್ಲ, ಜಗಳಕ್ಕೆ ಅಂದ್ಕೊಂಡೆ. ಕ್ಲಿಪ್ಪು ಜೋಡಿಸ್ತಿದ್ದ ಪುಟ್ಟಿಯನ್ನೇ ನೋಡಿದ್ಲು. ಆಮೇಲೆ ಮೆಲ್ಲಗೆ, "ಅಕ್ಕ, ಡಾಕ್ಟರ್ ಬಂದಾಗ ಇಬ್ಬರನ್ನೂ ಒಟ್ಟಿಗೇ ಕರ್ಕೊಂಡು ಹೋಗೋಣ ಅಲ್ವಾ? ಒಬ್ಬಳೇ ಹೋಗೋಕೆ ಭಯ."

"ಹ್ಞೂಂ" ಅಂದುಬಿಟ್ಟೆ.

4.20

ಹೊಸ ಫಾರ್ಮ್. ಇಲ್ಲ. ಇಲ್ಲ. ಇಲ್ಲ... ಹದಿನಾಲ್ಕು "ಇಲ್ಲ". ಅತ್ತೆ ಒಳಗಿಂದ, "ಏನೇ ಅದು ಬರೆಯೋದು?" ಯಜಮಾನರು ಅಂತ ಅಚ್ಚಾಗಿರೋದನ್ನ ಹೊಡೆದುಹಾಕಿ ತಾಯಿ ಅಂತ ಬರೆದು ನಾನೇ ಸಹಿ ಹಾಕಿದೆ. ಮೇಡಂ ಇದನ್ನ ನನ್ನ ಮುಖಕ್ಕೆ ಎಸೆದರೂ ಎಸೀಬಹುದು. ಎಸೀಲಿ.

ಬೈಕ್ ಸದ್ದು. ಇವರು. ಗೇಟಿಗೆ ಅಡ್ಡ ನಿಲ್ಲಿಸ್ತಿದ್ದಾರೆ. ಫಾರ್ಮ್ ಕೊಡೋಕೆ ಪುಟ್ಟಿಯನ್ನ ಎತ್ಕೊಂಡೇ ಹೋಗ್ತೀನಿ. ಎಲ್ಲಿಗೆ ಅಂತ ಕೇಳಿದ್ರೆ ಇವತ್ತು ಬಾಯಿಬಿಟ್ಟು ಹೇಳ್ತೀನಿ, ನಮ್ಮ ಮಗಳಿಗೆ—