ಕಿಟಕಿ ಪಕ್ಕದ ಕೆಂಚಿ

ಅಕ್ಕಾ,

ಮೊದಲು ಲೆಕ್ಕ, ಆಮೇಲೆ ಕ್ಷೇಮಸಮಾಚಾರ. ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ಈ ಇಡೀ ವ್ಯವಹಾರಕ್ಕೆ ತಗುಲಿದ ಖರ್ಚು ಇಷ್ಟು: ಒಂದು ತಲೆ ತುಂಬ ಕೂದಲು, ಹುಟ್ಟಿನಿಂದ ಬಂದದ್ದು, ತಾಮ್ರದ ಬಣ್ಣ, ಸುಸ್ಥಿತಿಯಲ್ಲಿದ್ದದ್ದು. ನಿನ್ನ ಪಾರ್ಲರಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವ ಒಬ್ಬ ತಂಗಿ. ಶನಿವಾರ ಮಧ್ಯಾಹ್ನಗಳ ಹರಟೆ. ಅಮ್ಮ ಬದುಕಿದ್ದಷ್ಟು ದಿನ ಅವಳ ಮುಂದೆ ನಾವಿಬ್ಬರೂ ಆಡಿದ ‘ಚೆನ್ನಾಗೇ ಇದ್ದೀವಲ್ಲ’ ಎಂಬ ನಾಟಕ. ದುಡ್ಡಿನ ಬಾಬತ್ತು ಬರೆಯುತ್ತಿಲ್ಲ. ಹೋದ ದುಡ್ಡು ಇನ್ನೊಂದು ಬಾಗಿಲಿನಿಂದ ಬಂದೀತು.

ನಿನ್ನ ಮಗಳು ಮೊನ್ನೆ ಫೋನ್ ಮಾಡಿದ್ದಳು. “ಚಿಕ್ಕಮ್ಮ, ಅಮ್ಮ ಅಂಗಡಿ ಮುಚ್ತಾಳಂತೆ. ಕೈ ನಡುಗುತ್ತೆ, ಕತ್ತರಿ ನಿಲ್ಲಲ್ಲ. ನೀನೊಂದ್ಸಲ ಬಾ” ಎಂದಳು. ಬರುತ್ತೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಬಾಗಿಲಲ್ಲಿ ನಿಂತು ಏನು ಮಾತಾಡುವುದು? ಅದಕ್ಕೇ ಮಾತನ್ನು ಮುಂದೆ ಕಳಿಸುತ್ತಿದ್ದೇನೆ.

ನಮ್ಮ ಮನೆಯಲ್ಲಿ ಕೂದಲು ನೋಡಿಯೇ ಗುಣ ಹಂಚಿಬಿಟ್ಟಿದ್ದರು, ನೆನಪಿದೆಯಾ? ನಿನ್ನದು ಕಾಡಿಗೆಯಂಥ ಕಪ್ಪು, ಹಾಗಾಗಿ ನೀನು ತಾಳ್ಮೆಯವಳು. ನನ್ನದು ಅಜ್ಜಿಯಿಂದ ಇಳಿದುಬಂದ ಕೆಂಚು, ಹಾಗಾಗಿ ನಾನು ಮುಂಗೋಪಿ, ಬಾಯಿಬಡುಕಿ, ಸಂಸಾರಕ್ಕಾಗದವಳು. ಸೋದರತ್ತೆ ಬಂದಾಗಲೆಲ್ಲ “ಕೆಂಚಿ ಹತ್ರ ಹುಷಾರು, ಬೆಂಕಿಪೊಟ್ಟಣ” ಅನ್ನುತ್ತಿದ್ದಳು. ಕರೆಂಟಿನವನು ತಂತಿ ಉಲ್ಟಾ ಜೋಡಿಸಿದಾಗ ಅವನ ತಲೆಗೆ ಬಾಚಣಿಗೆ ಬೀಸಿದ್ದು ತಾಳ್ಮೆಯ ನೀನು. ಅವನಿಗೆ ನೀರು ಕೊಟ್ಟು, ಸಮಾಧಾನ ಹೇಳಿ, ಕೆಲಸ ಮುಗಿಸಿಕೊಂಡದ್ದು ಬೆಂಕಿಪೊಟ್ಟಣ. ಆದರೂ ಅವನು ಹೋಗುವಾಗ ಅಮ್ಮನಿಗೆ ಹೇಳಿದ್ದೇನು? “ದೊಡ್ಡೋರು ಪಾಪ ಸಾಧು. ಆ ಕೆಂಚಮ್ಮನೇ ಏನೋ ಹತ್ತಿಸಿರಬೇಕು.”

ಭಾವ ತೀರಿಕೊಂಡ ಮೇಲೆ ನೀನು ಮುಂದಿನ ಕೋಣೆಯಲ್ಲಿ ಪಾರ್ಲರ್ ತೆರೆದೆ. ಎರಡು ಕನ್ನಡಿ, ಒಂದು ತಿರುಗುವ ಕುರ್ಚಿ, ಸೋರುವ ನಲ್ಲಿ. ಗಿರಾಕಿಗಳಿಲ್ಲದೆ ಇಬ್ಬರೂ ನೊಣ ಹೊಡೆಯುತ್ತಿದ್ದೆವು. ಆಗ ಔಷಧಿ ಅಂಗಡಿಯವನ ಹೆಂಡತಿ ಹುಬ್ಬು ತೀಡಿಸಲು ಬಂದಳು. ನಾನು ನೆಲ ಗುಡಿಸುತ್ತಿದ್ದೆ. “ಅಬ್ಬ, ಇದ್ಯಾವ ಕಲರ್ರೀ? ನೀವೇ ಹಾಕಿದ್ದಾ?” ಎಂದಳು. ನೀನು ರೆಪ್ಪೆ ಕೂಡ ಬಡಿಯಲಿಲ್ಲ. “ಹೂಂ ಮತ್ತೆ, ನಮ್ಮ ಕೈಕೆಲಸಾನೇ.” ಅವಳು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿನಲ್ಲಿ ನನ್ನದೂ ಅರ್ಧ ಪಾಲಿದೆ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಆಮೇಲೆ ಶನಿವಾರ ಬಂತೆಂದರೆ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಬಟ್ಟಲಲ್ಲಿ ಬರೀ ಕಂಡಿಷನರ್ ಕಲಸಿ, ಬಣ್ಣವೆಂಬಂತೆ ಬ್ರಷ್ಷಿನಿಂದ ಬುಡಕ್ಕೆ ಹಚ್ಚುತ್ತಿದ್ದೆ. ಬೀದಿಯ ಹೆಂಗಸರು ನಿಂತು ನೋಡುತ್ತಿದ್ದರು. ಬಣ್ಣ ಹಾಕಿಸಿಕೊಂಡವರಿಗೆಲ್ಲ ಮೂರು ವಾರಕ್ಕೆ ಬುಡದಲ್ಲಿ ಹುಟ್ಟುಬಣ್ಣ ಇಣುಕುತ್ತದೆ. ನನಗೆ ಮಾತ್ರ ಇಣುಕುತ್ತಿರಲಿಲ್ಲ. “ಇವರ ಬಣ್ಣ ಬುಡ ಬಿಟ್ಕೊಡಲ್ಲ ಕಣ್ರೀ” ಎಂದು ಔಷಧಿ ಅಂಗಡಿಯವಳು ಮನೆಮನೆಗೂ ಸಾರಿದಳು. ದುಡ್ಡು ಕೊಟ್ಟು ಅದೇ ಬಣ್ಣ ಹಾಕಿಸಿಕೊಂಡವರು ತಿಂಗಳೊಳಗೆ ದೂರು ತಂದರೆ, “ನಿಮ್ಮದು ಉಷ್ಣದ ಮೈ, ಅದಕ್ಕೇ ನಿಲ್ಲಲ್ಲ” ಎಂದು ನೀನು ಅವರ ಮೈಗೇ ತಪ್ಪು ಹೊರಿಸಿ ಕಳಿಸುತ್ತಿದ್ದೆ. ಅಂಥ ಬಾಯಿ ನಿನ್ನದು. ಅಂಗಡಿ ಕಾಲೂರಿ ನಿಂತಿತು.

ನಾನಾಗ ಶಿಶುವಿಹಾರದಲ್ಲಿ ಸಹಾಯಕಿ. ಕೆಲಸ ಕಾಯಂ ಆಗುವ ಹೊತ್ತಿಗೆ, ಮಕ್ಕಳೆಲ್ಲ ‘ದೊಡ್ಡ ಟೀಚರ್’ ಎನ್ನುತ್ತಿದ್ದ ಮುಖ್ಯಸ್ಥೆ ನನ್ನನ್ನು ಕರೆದರು. “ಕೆಲಸ ಚೆನ್ನಾಗಿ ಮಾಡ್ತೀಯಮ್ಮ, ಮಕ್ಕಳು ನಿನ್ನ ಬಿಟ್ಟಿರಲ್ಲ. ಆದ್ರೆ ಈ ತಲೆ? ಬಣ್ಣ ಬಳ್ಕೊಂಡು ಕಿಟಕೀಲಿ ಕೂರೋ ಹುಡುಗೀನ ಕಾಯಂ ಮಾಡಿದ್ರೆ ತಾಯಂದಿರು ಏನಂತಾರೆ?” ಇದು ಹುಟ್ಟಿದ ಬಣ್ಣ ಎಂದೆ. “ನಿಮ್ಮಕ್ಕನೇ ಎಲ್ಲರ ಹತ್ರ ಹೇಳ್ಕೊಂಡಿದ್ದಾಳೆ. ಅವಳೇ ಬಂದು ಅಲ್ಲ ಅಂತ ಹೇಳ್ಲಿ, ನೋಡೋಣ” ಎಂದರು.

ಅವರ ತುರುಬು ಇದ್ದಿಲಿನಷ್ಟು ಕಪ್ಪು. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಭಾನುವಾರದ ಹೊತ್ತು ನಮ್ಮ ಹಿಂಬಾಗಿಲಿನಿಂದ ಬಂದು ಅವರು ಹಚ್ಚಿಸಿಕೊಳ್ಳುತ್ತಿದ್ದ ಬಣ್ಣದ ಬಟ್ಟಲು ತೊಳೆಯುತ್ತಿದ್ದವಳೇ ನಾನು. ಹಚ್ಚಿದ ಕಪ್ಪಿಗೆ ಮಾನ, ಹುಟ್ಟಿದ ಕೆಂಪಿಗೆ ಅನುಮಾನ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗಿರಾಕಿಯ ತಲೆಯ ಗುಟ್ಟು ಆಡಬಾರದೆಂದು ನೀನೇ ಹೇಳಿಕೊಟ್ಟಿದ್ದೆ.

ಮನೆಗೆ ಬಂದು ನಿನ್ನನ್ನು ಕೇಳಿದೆ. ನೀನು ಟವೆಲ್ ಮಡಿಸುತ್ತಿದ್ದೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ನಿಜ ಹೇಳಿದರೆ ಅಂಗಡಿಗೆ ಬೀಗ. ನೀನೂ ಮಗಳೂ ಅದರಿಂದಲೇ ಉಣ್ಣುತ್ತಿದ್ದಿರಿ. ಹೇಳದಿದ್ದರೆ ನನಗೆ ಕೆಲಸವಿಲ್ಲ. ಕೊನೆಗೆ ನಿನ್ನೊಳಗಿನ ಅಂಗಡಿಯವಳು ಬಾಯಿ ಬಿಟ್ಟಳು: “ಕಪ್ಪು ಹಚ್ಚಿಬಿಡ್ತೀನಿ ಬಿಡೇ. ಕೂದ್ಲು ತಾನೆ? ಅವರ ಬಾಯೂ ಮುಚ್ಚುತ್ತೆ, ನಮ್ಮ ಅಂಗಡೀನೂ ಉಳಿಯುತ್ತೆ.”

ನಾನು ಕೂತೆ. ಅಂದು ಕಿಟಕಿಯ ಪರದೆ ಎಳೆದಿದ್ದೆ ನೀನು. ಬಟ್ಟಲಲ್ಲಿ ಕಂಡಿಷನರ್ ಇರಲಿಲ್ಲ. ಮೊದಲ ಎಳೆ ಹಿಡಿದು ನಿನ್ನ ಕೈ ನಿಂತಿತು, ನಾನದನ್ನು ಕನ್ನಡಿಯಲ್ಲಿ ನೋಡಿದೆ. ನಾನು ಬೇಡ ಅನ್ನಲಿ ಎಂದು ನೀನು ಕಾದೆ. ನೀನು ಬೇಡ ಅನ್ನಲಿ ಎಂದು ನಾನು ಕಾದೆ. ಇಬ್ಬರೂ ವ್ಯಾಪಾರದವರು, ಮೊದಲು ಬಾಯಿ ಬಿಟ್ಟವರಿಗೆ ನಷ್ಟ ಎಂದುಕೊಂಡವರು.

ಕೆಲಸ ಕಾಯಂ ಆಯಿತು. ಮೂರು ವಾರ ಕಳೆದಿರಬೇಕು, ಬಾಗಿಲ ಬಳಿ ಮಕ್ಕಳ ಚಪ್ಪಲಿ ಜೋಡಿಸಲು ಬಗ್ಗಿದ್ದೆ. ದೊಡ್ಡ ಟೀಚರ್ ಪಕ್ಕದಲ್ಲೇ ನಿಂತಿದ್ದರು. ಬೈತಲೆಯುದ್ದಕ್ಕೂ ತಾಮ್ರದ ಗೆರೆಯೊಂದು ಮೂಡಿತ್ತು. ಬುಡದಲ್ಲಿ ಬರುವುದೇ ಹುಟ್ಟಿದ ಬಣ್ಣ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈಗಲಾದರೂ ನಿಜ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಎದೆ ಹಗುರಾಯಿತು. ಅವರು ಬಗ್ಗಿ, ಹೆತ್ತವಳಷ್ಟು ಮೆತ್ತಗೆ ಹೇಳಿದರು: “ಬುಡ ಕಾಣ್ತಿದೆ ಕಣಮ್ಮ. ನಾಳೆ ಹಚ್ಕೊಂಡು ಬಾ.”

ನೀನು ಬಂದು ಸಾರಿ ಸಾರಿ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ ಅಕ್ಕಾ. ಅವರಿಗೆ ನಿಜ ಬೇಕಿರಲಿಲ್ಲ, ಕಪ್ಪು ಬೇಕಿತ್ತು. ಅದು ನನಗೆ ಆ ಚಪ್ಪಲಿಗಳ ನಡುವೆಯೇ ತಿಳಿಯಿತು. ಆದರೆ ಅವರ ಮೇಲೆ ಸಿಟ್ಟಾದರೆ ಸಂಬಳ ಹೋಗುತ್ತದೆ, ನಿನ್ನ ಮೇಲೆ ಸಿಟ್ಟಾದರೆ ಏನೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿದೆ. ನನ್ನ ಜೀವಮಾನದಲ್ಲಿ ತಪ್ಪಿದ ಲೆಕ್ಕ ಅದೊಂದೇ, ತಪ್ಪಬಾರದಿದ್ದದ್ದೂ ಅದೊಂದೇ.

ನಿನ್ನ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ. ಎರಡು ಬಸ್ಸು ಬದಲಾಯಿಸಿ ಬೇರೆ ಪಾರ್ಲರಿಗೆ ಹೋಗುತ್ತಿದ್ದೆ. “ಮೇಡಂ, ಜನ ದುಡ್ಡು ಕೊಟ್ಟು ಇದೇ ಬಣ್ಣ ಹಾಕಿಸ್ಕೋತಾರೆ, ನೀವು ದುಡ್ಡು ಕೊಟ್ಟು ಮುಚ್ಚಿಸ್ಕೋತೀರಲ್ಲ” ಎಂದು ಅಲ್ಲಿಯ ಹುಡುಗಿ ನಗುತ್ತಿದ್ದಳು. ಸ್ವಂತ ಶಿಶುವಿಹಾರ ತೆರೆದ ಮೇಲೂ ಬಿಡಲಿಲ್ಲ. ತಾಯಂದಿರು ಕಪ್ಪನ್ನೇ ನಂಬುವುದು ಎಂಬ ಭಯ ಅಷ್ಟು ಹೊತ್ತಿಗೆ ನನ್ನದೇ ಆಗಿತ್ತು. ಹೋದ ವರ್ಷ ಕಿವಿಯ ಹಿಂದೆ ಬೊಕ್ಕೆ ಎದ್ದು, ಡಾಕ್ಟರು ಇನ್ನು ಮುಟ್ಟಲೇಬೇಡಿ ಎಂದರು. ಬಿಟ್ಟೆ. ಕಪ್ಪು ತುದಿಗೆ ಸರಿಯುತ್ತಾ ಬಂತು. ಕೆಳಗಿನಿಂದ ಬಂದದ್ದು ಬಿಳಿ. ನನ್ನ ಕೂದಲು ಯಾವ ವಯಸ್ಸಿನಲ್ಲಿ ಎಷ್ಟು ಕೆಂಪಗಿತ್ತು, ಯಾವ ವರ್ಷ ನರೆಯತೊಡಗಿತು, ಒಂದೂ ನಾನು ನೋಡಲಿಲ್ಲ. ಕಪ್ಪಿನ ಕೆಳಗೇ ಎಲ್ಲ ಆಗಿಹೋಯಿತು. ಅದಕ್ಕೆ ಮುಂಚೆ ಅದು ಹೇಗಿತ್ತೆಂದು ಕೇಳೋಣವೆಂದರೆ ಅಮ್ಮನೂ ಇಲ್ಲ. ಬಿಸಿಲಲ್ಲಿ ಎಳೆ ಎಳೆಯಾಗಿ ಬಿಡಿಸಿ ನೋಡಿದವಳು ನೀನೊಬ್ಬಳೇ.

ಭಾನುವಾರ ಬರುತ್ತೇನೆ. ತುದಿಯಲ್ಲಿ ಉಳಿದ ಕಪ್ಪು ಕತ್ತರಿಸಿಕೊಡು. ಸೊಟ್ಟಗಾದರೆ ಆಗಲಿ, ಮಕ್ಕಳು ನಗುತ್ತಾರೆ ಅಷ್ಟೇ. ಕತ್ತರಿಸುತ್ತಾ ಅದು ಹೇಗಿತ್ತು ಅಂತ ಹೇಳು.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ದೊಡ್ಡ ಟೀಚರಿಗೆ ಅವರು ಬಯಸಿದಂಥ ತಲೆ. ಔಷಧಿ ಅಂಗಡಿಯವಳಿಗೆ ವರ್ಷಗಟ್ಟಲೆ ಮಾತಾಡಲು ವಿಷಯ. ನಿನಗೆ ಅಂಗಡಿ, ಅದರಿಂದ ಮಗಳ ಓದು. ನನಗೆ ನೌಕರಿ, ಆಮೇಲೆ ಸ್ವಂತ ಶಾಲೆ. ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ನಿನಗೆ ತಂಗಿ, ನನಗೆ ಅಕ್ಕ, ಇವೆರಡು ಮಾತ್ರ ಯಾರ ಪಾಲಿಗೂ ಬರಲಿಲ್ಲ.

ನಿನ್ನ ಕೈಗೆ ಇನ್ನಾದರೂ ವಿಶ್ರಾಂತಿ ಸಿಗಲಿ, ನಿದ್ದೆ ಚೆನ್ನಾಗಿ ಬರಲಿ ಎಂದು ಹಾರೈಸುವ,

ನಿನ್ನ
ಕೆಂಚಿ